ಐದನೇ ಮಹಡಿಯ ಡಬ್ಬಿ

ಎಂಬತ್ತೇಳನೆಯ ಸಲವೂ ಡಿಸ್ಕು ಸತ್ಯವನ್ನೇ ಹೇಳಿತು.

ಬೇರೆ ಪತ್ತೇದಾರರಿಗೆ ಎದುರಿಗೆ ಕೂತವರು ಸುಳ್ಳು ಹೇಳುತ್ತಾರೆಂಬ ಚಿಂತೆ. ಭವಾನಿಗೆ ಅದರ ಉಲ್ಟಾ. ಲ್ಯಾಬಿನ ಈ ಹಳೇ ಪೆಟ್ಟಿಗೆ ಒಂದೇ ಒಂದು ಸಲ ಸುಳ್ಳು ಹೇಳಿದ್ದರೆ ಸಾಕಿತ್ತು. ಮೂರು ವಾರದಿಂದ ಅದನ್ನು ಕಾಡುತ್ತಿದ್ದಳು. ಅಂಕಿ ಬರೆ, ವಾಪಸ್ ಓದು, ಎರಡನ್ನೂ ಹೋಲಿಸು. ಪ್ರತಿ ಸಲವೂ ಬರೆದದ್ದೇ ಬಂತು. ಪರದೆಯ ಮೇಲೆ ಹಸಿರು ಅಕ್ಷರ: ವ್ಯತ್ಯಾಸ ಸೊನ್ನೆ.

ಅಷ್ಟರಲ್ಲಿ ಲೈಟು ಆರಿತು. ಭವಾನಿ ತಲೆ ಎತ್ತದೆ ಎಡಗೈಯನ್ನು ಗಾಳಿಯಲ್ಲಿ ಬೀಸಿದಳು. ಹತ್ತಿತು.

"ಯಾರಿಗ್ರೀ ಕೈ ಮಾಡಿದ್ದು?" ಪಕ್ಕದ ಕುರ್ಚಿಯಲ್ಲಿದ್ದ ಸುಂದರಾಬಾಯಿ ಹಿಂದೆ ತಿರುಗಿ ನೋಡಿದಳು.

"ಲೈಟಿಗೆ, ಮೌಶಿ. ಅಲುಗಾಡದೆ ಕುಂತ್ರ ಇಲ್ಲಿ ಯಾರೂ ಇಲ್ಲ ಅಂತ ತಿಳಕೊಂಡು ಆರಿಬಿಡ್ತೈತಿ."

"ಅಂದ್ರ ನಾ ಇದ್ದೀನಪಾ ಅಂತ ದಿನಾ ಅದಕ್ಕ ಹೇಳಬೇಕು?"

"ದಿನಕ್ಕ ನಲವತ್ತು ಸಲ."

ಸುಂದರಾಬಾಯಿ ಚ್ಚು ಚ್ಚು ಎಂದಳು. ಗಚ್ಚಿಬೌಲಿಯ ಆ ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ ಅರವತ್ತೆರಡು ಕುರ್ಚಿಗಳಿದ್ದವು. ಕೂರುವವಳು ಒಬ್ಬಳು. ಉಳಿದವರೆಲ್ಲ ಮನೆಯಿಂದ ಕೆಲಸ ಮಾಡಲು ಹೋದವರು ಮನೆಯನ್ನೂ ಬದಲಿಸಿ, ಕೆಲಸವನ್ನೂ ಬದಲಿಸಿ, ಕೊನೆಗೆ ನಂಬರನ್ನೂ ಬದಲಿಸಿದ್ದರು.

ಓದುಗರಿಗೆ ಇಷ್ಟು ತಿಳಿದಿರಲಿ: ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ, ಶೀತಲ ಕೋಣೆಯ ತಾಪಮಾನ ಬರೆದಿಡುವ ಕಂಪ್ಯೂಟರಿನೊಳಗೆ ಎಂಟು ದಿನದ ದಾಖಲೆ ಕಸವಾಗಿತ್ತು. ಕೋಣೆ ಬಿಸಿಯಾದದ್ದನ್ನು ಮುಚ್ಚಲು ಸುಂದರಾಬಾಯಿಯೇ ಅಂಕಿ ಅಳಿಸಿ ಕಸ ತುಂಬಿದಳೆಂದು ಕಾರ್ಖಾನೆ ಹೇಳುತ್ತಿತ್ತು. ತಾಪಮಾನ ತಪ್ಪಿತು, ಅನುಮಾನ ಹುಟ್ಟಿತು, ಅವಮಾನ ಆಯಿತು. ಇಪ್ಪತ್ತೆರಡು ವರ್ಷದ ದುಡಿಮೆಗೆ ಸಿಕ್ಕ ಬಹುಮಾನ ಅದು. ಬರೆದದ್ದು ಡಿಸ್ಕು, ಬರೆ ಬಿದ್ದದ್ದು ಸುಂದರಾಬಾಯಿಗೆ.

ನಾಳೆ ಹನ್ನೊಂದಕ್ಕೆ ಬೇಗಂಪೇಟೆಯ ಮುಖ್ಯ ಕಚೇರಿಯಲ್ಲಿ ವಿಚಾರಣೆ. ಆ ಕಂಪ್ಯೂಟರನ್ನು ನಡೆಸುವ ಕರ್ನಲ್ಲು ಭವಾನಿಯ ಕಂಪನಿಯದು. ಪುಣೆಯಲ್ಲಿ ಕೂತ ಮ್ಯಾನೇಜರು ಬೆಳಿಗ್ಗೆ ಒಂದು ಸಾಲು ಕಳಿಸಿದ್ದ: ಇವತ್ತು ಸಂಜೆ ಆರರೊಳಗೆ ಲ್ಯಾಬಿನಲ್ಲಿ ಆ ತಪ್ಪು ಮತ್ತೆ ಕಾಣಿಸದಿದ್ದರೆ 'ನಮ್ಮ ವ್ಯವಸ್ಥೆಯಲ್ಲಿ ದೋಷವಿಲ್ಲ' ಎಂಬ ಪತ್ರ ಕಾರ್ಖಾನೆಗೆ ಹೋಗುತ್ತದೆ. ಯಂತ್ರದಲ್ಲಿ ದೋಷವಿಲ್ಲ ಎಂದರೆ ದೋಷಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಸುಂದರಾಬಾಯಿ ಬೆಳಿಗ್ಗೆಯೇ ಬಂದು ಕೂತಿದ್ದಳು. ಈಗ ಹನ್ನೆರಡೂವರೆ.

"ಮೇಡಮ್ಮಾರ, ಒಂದ್ ಮಾತು ಕೇಳಲೇನ್ರಿ? ಆ ಕರ್ನಲ್ ಸಾಹೇಬರು ಎಲ್ಲಿ ಕುಂಡರತಾರ? ನಾನೇ ಹೋಗಿ ಕೇಳತೀನಿ."

ಭವಾನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದದ್ದರಿಂದ ಸ್ವಲ್ಪ ತುಕ್ಕು ಹಿಡಿದಿತ್ತು. "ಅವ ಮಿಲ್ಟ್ರಿಯವ ಅಲ್ಲ ಮೌಶಿ. ಕಂಪ್ಯೂಟರಿನ ಒಳಗಿನ ಯಜಮಾನ. ಯಾರಿಗೆ ಎಷ್ಟು ಜಾಗಾ, ಯಾವ ಸಾಮಾನು ಎಲ್ಲಿ ಇಡೋದು, ಎಲ್ಲಾ ಅವನ ಕೈಯಾಗ."

"ಹಂಗಾರ ಮನ್ಯಾಗಿನ ಅತ್ತಿ ಅನ್ರಿ."

"ಅತ್ತೀನೇ."

"ಹಂಗಿದ್ರ ತಪ್ಪು ಆಕೀದೇ ಇರ್ತೈತಿ. ಆದ್ರ ಆಕಿ ಒಪ್ಪಂಗಿಲ್ಲ."

ಈ ಐ.ಟಿ. ಊರಲ್ಲಿ 'ಐತಿ' ಎನ್ನುವ ಬಾಯಿ ಸಿಗುವುದೇ ಅಪರೂಪ. ಭವಾನಿ ರಾಯಚೂರು ಬಿಟ್ಟು ಹದಿನಾಲ್ಕು ವರ್ಷ. ಕಾವಲಿನವನ ಹತ್ತಿರ ತೆಲುಗು, ಕ್ಯಾಬಿನವನ ಹತ್ತಿರ ಹಿಂದಿ, ಮ್ಯಾನೇಜರನ ಹತ್ತಿರ ಇಂಗ್ಲಿಷು. ಕನ್ನಡ ಮಾತ್ರ ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆಯಂತೆ ಮಡಿಕೆ ಬಿದ್ದಿತ್ತು. ಹತ್ತೊಂಬತ್ತನೇ ಮಹಡಿಯ ಫ್ಲ್ಯಾಟಿಗೆ ಹೋದರೆ ಮಾತಾಡಿಸುವುದು ಲಿಫ್ಟು ಒಂದೇ. ಅದೂ ಬಾಗಿಲು ಮುಚ್ಚುವಾಗ.

ಸುಂದರಾಬಾಯಿ ಊಟದ ಡಬ್ಬಿಗಳನ್ನು ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಒಂದು ಹಸಿ ಉಳ್ಳಾಗಡ್ಡಿ. ಅವಳು ಕೂತಿದ್ದದ್ದು ತರುಣನ ಕುರ್ಚಿ. ಡಿಸ್ಕಿಗೆ ಬರೆಯುವ ಕೋಡನ್ನು ಭವಾನಿ ಮತ್ತು ತರುಣ ಜೊತೆಗೆ ಕೂತು ಬರೆದವರು. ಮೂರು ವರ್ಷದ ಹಿಂದೆ 'ಮುಂದಿನ ವಾರ ಚಹಾಕ್ಕೆ ಬರ್ತೀನಿ' ಎಂದು ಹೋದವನಿಗೆ ಆ ವಾರ ಇನ್ನೂ ಬಂದಿರಲಿಲ್ಲ. ಅಂದಿನಿಂದ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ, ಯಾರೂ ಕೂರದಂತೆ ಭವಾನಿ ಅದರ ಮೇಲೆ ತನ್ನ ಚೀಲ ಇಡುತ್ತಿದ್ದಳು. ಇವತ್ತು ಮಾತ್ರ ಚೀಲ ನೆಲದ ಮೇಲಿತ್ತು.

"ನಿಮ್ಮ ವಹಿ ಇನ್ನೊಮ್ಮೆ ಕೊಡ್ರಿ," ಎಂದಳು ಭವಾನಿ.

ಸುಂದರಾಬಾಯಿಯದು ಒಂದು ಹಳೇ ಅಭ್ಯಾಸ. ಕಂಪ್ಯೂಟರು ಬರುವ ಮೊದಲು ತಾಪಮಾನವನ್ನು ಕೈಯಲ್ಲೇ ಬರೆಯುತ್ತಿದ್ದರು. ಕಂಪ್ಯೂಟರು ಬಂತು, ಕೈ ಬಿಡಲಿಲ್ಲ. ಗಂಟೆಗೊಮ್ಮೆ ಗೋಡೆಯ ಮುಳ್ಳು ನೋಡಿ ವಹಿಯಲ್ಲಿ ಗೀಚುತ್ತಿದ್ದಳು. ಅದನ್ನು ಆಮೇಲೆ ಹುಟ್ಟಿಸಿದ್ದೆಂದು ಕಾರ್ಖಾನೆ ಪಕ್ಕಕ್ಕೆ ತಳ್ಳಿತ್ತು.

ಭವಾನಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕಾರ್ಖಾನೆಯ ಆರೋಪಪಟ್ಟಿ ಹಿಡಿದು ತಾಳೆ ನೋಡಿದಳು. ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಎರಡೂ ನಲವತ್ತರಿಂದ ಕಸ. ಹದಿನೈದು, ಎರಡೂವರೆಯಿಂದ. ಹದಿನಾರು, ಮೂರರಿಂದ. ಬೆಳಿಗ್ಗೆ ಎಲ್ಲ ಚೊಕ್ಕ. ರಾತ್ರಿ ಪಾಳಿಯೂ ಚೊಕ್ಕ. ಊಟ ಮಾಡಿ ಎಲ್ಲರೂ ತೂಕಡಿಸುವ ಹೊತ್ತಿಗೆ ಸುಂದರಾಬಾಯಿ ಕೈಚಳಕ ತೋರಿಸಿದಳೆಂದು ಕಾರ್ಖಾನೆಯ ತರ್ಕ.

ಹದಿನೇಳು: ಸಂಜೆ ಐದೂವರೆಯಿಂದ.

"ಹದಿನೇಳಕ್ಕ ಯಾಕ ಲೇಟ್ ಮಾಡಿದ್ರಿ ಮೌಶಿ? ದಿನಾ ಎರಡೂವರಿ ಮೂರಕ್ಕೆಲ್ಲಾ ಕೆಡಸ್ತಿದ್ರಿ."

"ನೀವೂ ಶುರು ಮಾಡಿದ್ರೇನು? ಅವತ್ತು ಕರೆಂಟ್ ಹೋಗಿತ್ತಲ್ಲರಿ! ಬರದೀನಿ ನೋಡ್ರಿ."

ವಹಿಯ ಅಂಚಿನಲ್ಲಿ ವಾರೆಯಾಗಿ ಬರೆದಿತ್ತು: ಒಂದೂ ಹತ್ತಕ್ಕೆ ಲೈಟ್ ಹೋತು, ಮಶಿನ್ ಬಂದ್ ಆಗಿ ಮತ್ತ ಚಾಲೂ.

ಭವಾನಿಯ ಕೈಯ ರೊಟ್ಟಿ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ಬ್ಯಾರೆ ದಿನಾ ಮಶಿನ್ ಯಾವಾಗ ಬಂದ್ ಮಾಡ್ತೀರಿ?"

"ಪಾಳಿ ಬದಲಿ ಆಗೂಮುಂದ. ಮುಂಜಾನಿ ಎಂಟಕ್ಕ, ಸಂಜಿ ಎಂಟಕ್ಕ. ಕೈ ಮುಗದು ಚಾಲೂ ಮಾಡೋದು."

"ಹಗಲಿನ್ಯಾಗ ಅದನ್ನ ಮತ್ತ್ಯಾರರ ಮುಟ್ತಾರೇನು?"

"ಮುಟ್ಟದ ಮಂದಿ ಯಾರ ಅದಾರ ಕೇಳ್ರಿ. ಆಫೀಸಿನ ಐದೂ ಮಂದಿ ಬರ್ತಾರ. ಪತ್ರ ಟೈಪ್ ಮಾಡ್ತಾರ, ಫೋಟೋ ನೋಡ್ತಾರ, ಕ್ರಿಕೆಟ್ ನೋಡ್ತಾರ. ರಾತ್ರಿ ಯಾರೂ ಇರಂಗಿಲ್ಲ, ಪಾಪ, ಮಶಿನ್ ಒಂದೇ ಇರ್ತೈತಿ."

ಬೆಳಿಗ್ಗೆ ಖಾಲಿ ಇರುತ್ತದೆ, ಮಂದಿ ಬಳಸಿದಂತೆ ತುಂಬುತ್ತದೆ, ಕರೆಂಟು ಹೋದರೆ ಮತ್ತೆ ಖಾಲಿಯಾಗುತ್ತದೆ. ಕಂಪ್ಯೂಟರಿನಲ್ಲಿ ಅಂಥದ್ದು ಒಂದೇ: ಮೆಮೊರಿ.

"ಮೌಶಿ, ಈ ಗದ್ದಲಾ ಶುರು ಆಗೂ ಮೊದಲು ಯಾರರ ಮಶಿನ್ ಬಿಚ್ಚಿದ್ರೇನು?"

"ಹೂಂ. ದಸರಾ ಆದ ಮರುದಿನ, ಐತವಾರ, ಹದಿಮೂರು ತಾರೀಖು. ನಿಧಾನ ನಡೀತೈತಿ ಅಂತ ಒಬ್ಬವ ಬಂದು ಒಳಗ ಏನೋ ಪಟ್ಟಿ ಕೂಡಿಸಿ ಹೋದ. ಬೂದಿ ಕುಂಕುಮ ಇನ್ನೂ ಹಂಗೇ ಇತ್ತು ಮಶಿನ್ ಮ್ಯಾಲೆ."

ಆ ಪಟ್ಟಿ ಮೆಮೊರಿಯದೇ: ನಾಲ್ಕು ಜಿ.ಬಿ. ಇದ್ದದ್ದು ಹದಿಮೂರಕ್ಕೆ ಎಂಟು ಆಗಿದೆ. ಹದಿನಾಲ್ಕಕ್ಕೆ ಕೆಟ್ಟಿದೆ. ಆದರೆ ಲ್ಯಾಬಿನ ಈ ಪೆಟ್ಟಿಗೆಯಲ್ಲೂ ಎಂಟೇ ಇದೆಯಲ್ಲ? ಎದೆಯ ಮೇಲೆ ಚೀಟಿ ಅಂಟಿಸಿದೆ: ಗುಂಡಗಿನ ಅಕ್ಷರದಲ್ಲಿ 'ಎಂಟು'. ಭವಾನಿ ಕೀಲಿಮಣೆಯ ಮೇಲೆ ಒಂದೇ ಒಂದು ಪದ ಒತ್ತಿ ಯಂತ್ರವನ್ನೇ ಕೇಳಿದಳು.

ಯಂತ್ರ ಹೇಳಿತು: ನಾಲ್ಕು.

ಮೂರು ವಾರ ಗೋಡೆ ಕೊರೆದ ಪತ್ತೇದಾರಿಣಿ ಬಾಗಿಲಿಗೆ ಚಿಲಕ ಹಾಕಿದೆಯೋ ಇಲ್ಲವೋ ಎಂದು ನೋಡಿರಲಿಲ್ಲ. ಚಾಲೂ ಆಗುವಾಗ ಪರದೆಯ ಮೇಲೆ ಇನ್ನೂರು ಸಾಲು ಸರ್ರನೆ ಹರಿದುಹೋಗುತ್ತವೆ. ಅದರಲ್ಲಿ ಈ ಸಾಲೂ ಎಂಬತ್ತೇಳು ಸಲ ಹರಿದಿತ್ತು. ಆದರೆ ಚೀಟಿ ಬರೆದವನು ಲಿಂಗಣ್ಣ. ಲಿಂಗಣ್ಣನ ಚೀಟಿಯನ್ನು ಆ ಆಫೀಸಿನಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ.

"ಲಿಂಗಣ್ಣಾರ!"

ಸಾಮಾನಿನ ಕೋಣೆಯ ಬಾಗಿಲು ಕಿರ್ ಎಂದಿತು. ಲಿಂಗಣ್ಣ ಲ್ಯಾಬಿನ ಉಗ್ರಾಣದವನು, ಬಸವಕಲ್ಯಾಣದ ಕಡೆಯವನು, ನಿವೃತ್ತಿಗೆ ಏಳು ತಿಂಗಳು ಬಾಕಿ. ಅವನು ಒಳಗೇ ಇರುವುದರಿಂದ ಮಹಡಿಯ ಕುರ್ಚಿಗಳ ಲೆಕ್ಕದಲ್ಲಿ ಬರುವುದಿಲ್ಲ.

"ಕಾರ್ಖಾನಿ ಮಶಿನೂ ಈ ಮಶಿನೂ ಒಂದೇ ಥರ ಅದಾವು ಅಂದಿದ್ರಿ."

"ಸೇಮ್ ಟು ಸೇಮ್ ಅದಾವ್ರಿ."

"ಇದರಾಗ ಎರಡು ಮೆಮೊರಿ ಪಟ್ಟಿ ಇರಬೇಕಿತ್ತು. ಒಂದೇ ಐತಿ. ಇನ್ನೊಂದು ಎಲ್ಲಿ?"

ಲಿಂಗಣ್ಣ ಟೋಪಿ ತೆಗೆದ, ನೋಡಿದ, ಮತ್ತೆ ಹಾಕಿಕೊಂಡ.

"ಮಾರಿದ್ರೇನು?"

"ಶಿವ ಶಿವಾ! ಏನ್ ಮಾತಾಡ್ತೀರಿ ಭವಾನಿಯವರ?"

"ಮತ್ತ? ನಾಳೆ ಹನ್ನೊಂದಕ್ಕ ಈ ಹೆಣ್ಣುಮಗಳ ನೌಕರಿ ಹೋಗ್ತೈತಿ. ಪಟಾನ್‌ಚೆರುವಿನ ಯಾವ ಕಾರ್ಖಾನಿಯವರೂ ಈಕಿನ್ನ ಒಳಗ ಬಿಡಂಗಿಲ್ಲ. ಮೂರು ವಾರದಿಂದ ನೀವು ನನಗ ದಿನಾ ಚಹಾ ಕೊಟ್ಟೀರಿ. ಒಂದಿನಾ, ಒಂದೇ ಒಂದಿನಾ ಹೇಳಬೇಕಂತ ಅನಸಲಿಲ್ಲ?"

ಲಿಂಗಣ್ಣ ಅರವತ್ತೊಂದು ಖಾಲಿ ಕುರ್ಚಿಗಳ ಕಡೆ ಕೈ ತೋರಿಸಿದ. "ಅವರಿಗೆಲ್ಲಾ ಕೊಟ್ಟು ಕಳಿಸೀನ್ರಿ."

"ಏನು?"

"ಒಬ್ಬೊಬ್ಬರೇ ಹೊಂಟ್ರಲ್ಲರಿ. ಮನಿಯಿಂದ ಕೆಲಸಾ ಅಂದ್ರು, ಮನಿ ಮಶಿನ್ ಸಣ್ಣದು ಅಂದ್ರು. ತವರಮನಿ ಬಿಟ್ಟು ಹೋಗೋರನ್ನ ಬರಿಗೈಲೆ ಕಳಸ್ತಾರೇನ್ರಿ? ಉಡಿ ತುಂಬಿ ಕಳಸಬೇಕು. ನನ್ನ ಕಪಾಟಿನ್ಯಾಗ ಅಕ್ಕಿ ಬೆಲ್ಲ ಎಲ್ಲಿಂದ ಬರಬೇಕು? ಒಂದೊಂದು ಮಶಿನಿನಿಂದ ಒಂದೊಂದು ಪಟ್ಟಿ ತಗದು, ಕವರಿನ್ಯಾಗ ಹಾಕಿ, ಹೆಸರು ಬರದು, ಅರಿಶಿಣ ಕುಂಕುಮ ಹಚ್ಚಿ ಕೊಟ್ಟೆ. ಮತ್ತ ಬರ್ತಾರ, ಬಂದಾಗ ತಿರುಗಿ ಹಾಕೋಣು ಅಂದುಕೊಂಡೆ. ಅದಕ್ಕ ಚೀಟಿ ಬದಲಿ ಮಾಡಲಿಲ್ಲ."

ಅರವತ್ತೊಂದು ಮಂದಿ ಹೋದರು, ಒಬ್ಬೊಬ್ಬರೂ ಒಂದೊಂದು ಮೆಮೊರಿ ತೆಗೆದುಕೊಂಡು ಹೋದರು. ನೆನಪು ಮಾತ್ರ ಯಾರೂ ಮಾಡಿಕೊಳ್ಳಲಿಲ್ಲ.

ಭವಾನಿ ಬೈಯಲು ಬಾಯಿ ತೆರೆದಳು. ಬೈಗುಳದ ಬದಲು ಪ್ರಶ್ನೆ ಬಂತು.

"ಒಂದೂ ಉಳಿದಿಲ್ಲೇನ್ರಿ?" ಎಂದಳು.

ಲಿಂಗಣ್ಣ ಒಳಗೆ ಹೋದ. ಕಪಾಟಿನ ಕೀಲಿಯ ಸದ್ದು ಬಹಳ ಹೊತ್ತು ಕೇಳಿತು. ಬಂದಾಗ ಕೈಯಲ್ಲಿ ಒಂದು ಕಂದು ಕವರು, ಮೂಲೆಗೆ ಒಣಗಿದ ಅರಿಶಿಣ ಕುಂಕುಮ. ಮೇಲೆ ಗುಂಡಗಿನ ಅಕ್ಷರ: ಭವಾನಿ.

"ನೀವೂ ಒಂದಿನಾ ಹೋಗ್ತೀರಂತ ಇಟ್ಟಿದ್ದೆ," ಎಂದ. "ನೀವು ಹೋಗಲೇ ಇಲ್ಲ."

ಸುಂದರಾಬಾಯಿ ಕವರನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದಳು. "ಇಂಥಾದ್ದು ನಾ—"

"ಆಮ್ಯಾಲೆ ಮೌಶಿ, ಆಮ್ಯಾಲೆ!" ಭವಾನಿ ಆಗಲೇ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದಳು. ಮೂರು ವರ್ಷ ಕಾದ ಉಡಿಯನ್ನು ಯಂತ್ರದ ಉಡಿಗೆ ತುಂಬಿದಳು.

ಎಂಬತ್ತೆಂಟನೇ ಸಲ.

ವ್ಯತ್ಯಾಸ ಸೊನ್ನೆ.

ಲಿಂಗಣ್ಣ ದೇವರ ಹೆಸರು ಹೇಳಿದ. ಸುಂದರಾಬಾಯಿ ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡಳು. "ಇರ್ಲಿ ಬಿಡ್ರಿ ಮೇಡಮ್ಮಾರ. ನೀವು ಭಾಳ ಮಾಡಿದ್ರಿ. ನೌಕರಿ ಹೋದ್ರ ಹೋಗ್ಲಿ. ಸುಳ್ಳುಗಾರ್ತಿ ಅಂತ ಬರಸ್ಕೊಂಡು ಮನಿಗೆ ಹೋಗೋದೈತಲ್ಲ, ಅದಾಗಂಗಿಲ್ಲ ನನಗ."

"ಮೌಶಿ, ಮುಂಜಾನಿ ಕೆಡತಿತ್ತೇನು?"

"ಇಲ್ಲ. ಊಟ ಆದ ಮ್ಯಾಲೆ."

"ಹಂಗಾರ ಇದಕ್ಕೂ ಊಟ ಆಗಬೇಕು."

ಭವಾನಿ ಪೆಟ್ಟಿಗೆಗೆ ಹೊಟ್ಟೆ ಬಿರಿಯುವಷ್ಟು ಉಣಿಸಿದಳು. ನೂರಾರು ಫೋಟೋ ತೆರೆದಳು, ಹಳೇ ಕ್ರಿಕೆಟ್ ಪಂದ್ಯ ಹಚ್ಚಿದಳು, ಯಾರೂ ಓದದ ವರದಿಗಳನ್ನೆಲ್ಲ ಒಟ್ಟಿಗೆ ಬಿಚ್ಚಿದಳು. ಮೆಮೊರಿ ಮೂರಾಯಿತು, ನಾಲ್ಕಾಯಿತು, ನಾಲ್ಕು ದಾಟಿತು. ಆಗ ಎಂಬತ್ತೊಂಬತ್ತನೇ ಸಲ ಗುಂಡಿ ಒತ್ತಿದಳು.

ಕೆಂಪು.

ಬರೆದದ್ದು ಒಂದು, ಓದಿದ್ದು ಇನ್ನೊಂದು. ಒಂದು ಸಾಲು, ಹತ್ತು ಸಾಲು, ಪರದೆಯ ತುಂಬ ಕೆಂಪು. ಭವಾನಿ ಚಪ್ಪಾಳೆ ತಟ್ಟಿದಳು. ಸುಳ್ಳು ಹೇಳಿದ್ದಕ್ಕೆ ಇಷ್ಟು ಮರ್ಯಾದೆ ಸಿಗುವುದು ಬೇರೆ ಕಡೆ ಚುನಾವಣೆಯಲ್ಲಿ ಮಾತ್ರ.

"ಏನಾತು? ಏನಾತು? ಕೆಂಪು ಅಂದ್ರ ಛಲೋನೋ ಕೆಟ್ಟೋ?"

"ಭಾಳ ಛಲೋ ಕೆಟ್ಟದ್ದು ಮೌಶಿ!"

ಮುಂದಿನದು ಕೋಡಿನೊಳಗೆ ಇಣುಕುವ ಕೆಲಸ. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ಅದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಸುಂದರಾಬಾಯಿಗೆ ಅರ್ಥವಾಗದೆ ನಾಳೆ ಅವಳು ಬೇಗಂಪೇಟೆಗೆ ಹೋಗುವಂತಿಲ್ಲವಾದ್ದರಿಂದ ಭವಾನಿ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಳು.

"ಮೆಮೊರಿ ಅಂದ್ರ ಒಂದು ಬಿಲ್ಡಿಂಗ್ ಅನಕೋರಿ. ಡಿಸ್ಕಿಗೆ ಸಾಮಾನು ಒಯ್ಯೋದು ಒಂದು ಲಿಫ್ಟು. ಆದ್ರ ಅದು ಹಳೇ ಲಿಫ್ಟು, ನಾಕರ ತನಕ ಅಷ್ಟೇ ಎಣಸ್ತೈತಿ. ಐದನೇ ಮಹಡಿಗೆ ಹೋಗು ಅಂದ್ರ ಲೆಕ್ಕ ಮರತು ಒಂದನೇದಕ್ಕ ಹೋಗ್ತೈತಿ."

"ಅಯ್ಯ."

"ಮೊದಲು ನಿಮ್ಮ ಮಶಿನಿಗೆ ನಾಕೇ ಮಹಡಿ, ತ್ರಾಸಿಲ್ಲ. ಹದಿಮೂರಕ್ಕ ಮ್ಯಾಲೆ ನಾಕು ಕಟ್ಟಿದ್ರು. ಮುಂಜಾನಿ ಎಲ್ಲಾ ಖಾಲಿ, ಕರ್ನಲ್ಲು ಕೆಳಗಿನ ಮಹಡಿನೇ ಕೊಡ್ತೈತಿ. ಮಧ್ಯಾಹ್ನಕ್ಕ ಕೆಳಗ ತುಂಬಿತು, ನಿಮ್ಮ ಅಂಕಿಗೆ ಐದನೇ ಮಹಡಿ ಸಿಕ್ತು. ಲಿಫ್ಟು ಒಂದನೇ ಮಹಡಿಗೆ ಹೋಗಿ ಅಲ್ಲಿ ಏನಿತ್ತೋ ಅದನ್ನ ತಂದು ಡಿಸ್ಕಿಗೆ ಹಾಕ್ತು. ಮ್ಯಾಲಿನ ಸಾಮಾನು ಮೊದಲು ಕೆಳಗ ಇಳಿಸಿ ಆಮ್ಯಾಲೆ ಲಿಫ್ಟಿಗೆ ಕೊಡು ಅಂತ ಕರ್ನಲ್ಲು ಹೇಳಬೇಕಿತ್ತು. ಆ ಒಂದು ಸಾಲು ಬರೀಲಿಕ್ಕೆ ಮರತಾರ."

"ಯಾರು?"

ಭವಾನಿ ಮೇಲಿನ ಡಬ್ಬಿಯನ್ನು ಸರಿಮಾಡಿದಳು. ಮರೆತವರಲ್ಲಿ ಒಬ್ಬಳು ಅವಳೇ. ಇನ್ನೊಬ್ಬನ ಕುರ್ಚಿಯಲ್ಲಿ ಸುಂದರಾಬಾಯಿ ಕೂತಿದ್ದಳು. ಕೋಡು ಬರೆದ ಕಾಲಕ್ಕೆ ದೊಡ್ಡ ಮೆಮೊರಿಯ ಯಂತ್ರವೇ ಇರಲಿಲ್ಲ, ಆಮೇಲೆ ಹಾಕೋಣ ಎಂದುಕೊಂಡಿದ್ದರು. ಆಮೇಲೆ ಎಂಬುದು ಚಹಾದ ಜೊತೆಗೇ ಹೋಗಿತ್ತು.

ಅವಳು ಬಿಟ್ಟುಹೋದ ಸಾಲನ್ನು ಬರೆದಳು. ಎರಡೇ ಸಾಲು ಆಯಿತು. ತೊಂಬತ್ತನೇ ಸಲ, ತುಂಬಿದ ಹೊಟ್ಟೆಯಲ್ಲೇ ಓಡಿಸಿದಳು. ವ್ಯತ್ಯಾಸ ಸೊನ್ನೆ. ಸಾಲು ತೆಗೆದಳು, ಕೆಂಪು. ಹಾಕಿದಳು, ಹಸಿರು. ನಾಲ್ಕೂ ಐವತ್ತಕ್ಕೆ ವರದಿ ಪುಣೆಗೆ ಹೋಯಿತು, ಒಂದು ಪ್ರತಿ ಬೇಗಂಪೇಟೆಗೆ.

ಲಿಂಗಣ್ಣ ಚಹಾ ತಂದ. ಈ ಸಲ ಮೂರು ಕಪ್ಪು. ಮಹಡಿಯಲ್ಲಿ ಮೂರು ಕಪ್ಪು ಒಟ್ಟಿಗೆ ಕಂಡು ಎಷ್ಟೋ ಕಾಲವಾಗಿತ್ತು.

ಸುಂದರಾಬಾಯಿ ಮಾತ್ರ ಡಬ್ಬಿಗಳನ್ನೇ ನೋಡುತ್ತಿದ್ದಳು.

"ಯವ್ವಾ, ಲಿಫ್ಟು ನನ್ನ ಡಬ್ಬಿ ಬಿಟ್ಟು ಒಂದನೇ ಮಹಡಿಯವರ ಡಬ್ಬಿ ತಂದ್ಹಾಕ್ತು ಅಂದಿ."

"ಹೂಂ."

"ಹಂಗಾರ ಅದು ಕಸ ಅಲ್ಲ. ಯಾರದೋ ಡಬ್ಬಿ. ಯಾರದು?"

ಭವಾನಿ ಕಪ್ಪು ಕೆಳಗಿಟ್ಟಳು.

ಕಸ ಎಂದು ಎಲ್ಲರೂ ಹೆಸರಿಟ್ಟಿದ್ದರು. ಹೆಸರಿಟ್ಟ ಮೇಲೆ ಕಸವನ್ನು ಓದುವವರು ಯಾರು? ಕಾರ್ಖಾನೆಯ ಡಿಸ್ಕಿನ ನಕಲು ಅವಳ ಬಳಿ ಮೊದಲ ದಿನದಿಂದಲೂ ಇತ್ತು. ತಾಪಮಾನದ ಕೋಷ್ಟಕದಲ್ಲಿ ತೆರೆದಾಗ ಹುಚ್ಚು ಅಂಕಿಗಳು ಕಾಣುತ್ತಿದ್ದವು, ಅಷ್ಟೇ. ಈಗ ಹದಿನಾಲ್ಕನೇ ತಾರೀಖು, ಎರಡೂ ನಲವತ್ತರ ತುಣುಕನ್ನು ಅಂಕಿಯ ಬದಲು ಅಕ್ಷರವಾಗಿ ತೆರೆದಳು.

ಇಂಗ್ಲಿಷಿನಲ್ಲಿ ಒಂದು ಪತ್ರ. ಆ ಹೊತ್ತಿಗೆ ಆ ಕಂಪ್ಯೂಟರಿನಲ್ಲಿ ಯಾರೋ ಟೈಪು ಮಾಡುತ್ತಿದ್ದದ್ದು.

ಭವಾನಿ ನಿಧಾನವಾಗಿ ಕನ್ನಡಕ್ಕೆ ತಂದು ಓದಿದಳು: "ಶ್ರೀಮತಿ ಸುಂದರಾಬಾಯಿಯವರು ದಿನಾಂಕ ಹದಿನಾಲ್ಕರಿಂದ ಇಪ್ಪತ್ತೊಂದರವರೆಗೆ ಶೀತಲ ಕೋಣೆಯ ದಾಖಲೆಗಳನ್ನು ಉದ್ದೇಶಪೂರ್ವಕವಾಗಿ ಕೆಡಿಸಿರುವುದು ಇಪ್ಪತ್ತೆರಡರ ತಪಾಸಣೆಯಲ್ಲಿ ಕಂಡುಬಂದಿರುತ್ತದೆ..."

ಸುಂದರಾಬಾಯಿ ವಹಿಯೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಇಪ್ಪತ್ತೆರಡಕ್ಕೆ ಅವಳ ಕೈಗೆ ಕೊಟ್ಟ ಅಮಾನತಿನ ಪತ್ರ. ಅಕ್ಷರಕ್ಕೆ ಅಕ್ಷರ ಅದೇ.

"ಇದು ಹದಿನಾಲ್ಕಕ್ಕ ಬರದದ್ದು," ಎಂದಳು ಭವಾನಿ. "ಇಪ್ಪತ್ತೊಂದರ ತನಕ ಕೆಡ್ತೈತಿ ಅಂತ ಹದಿನಾಲ್ಕಕ್ಕೇ ಗೊತ್ತಿತ್ತು."

"ಕೆಳಗ ಸಹಿ ಯಾರದೈತ್ರಿ?" ಎಂದ ಲಿಂಗಣ್ಣ. "ಕೈಗೆ ಕೊಟ್ಟದ್ದರ ಮ್ಯಾಲೆ ಬರೇ ಆಫೀಸಿನ ಶಿಕ್ಕಾ ಐತಿ."

ಭವಾನಿ ಕೆಳಗೆ ಸರಿಸಿದಳು. ಲಿಫ್ಟು ಒಂದು ಸಲಕ್ಕೆ ಹೊರುವುದು ಇಷ್ಟೇ ಎಂದು ಅಳತೆ ಇದೆ. ತುಣುಕು 'ಇಂತಿ' ಎಂಬಲ್ಲಿಗೆ ಮುಗಿದಿತ್ತು.

ಆದರೆ ಪತ್ರ ಬರೆದವನಿಗೆ ಕರ್ನಲ್ಲಿನ ಬಿಟ್ಟುಹೋದ ಸಾಲು ಗೊತ್ತಿರಬೇಕು. ಅಥವಾ ಗೊತ್ತಿದ್ದವನೊಬ್ಬ ಅವನ ಕೈಗೆ ಸಿಕ್ಕಿರಬೇಕು. ಅದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಅವರಲ್ಲಿ ಒಬ್ಬಳು ಇಲ್ಲಿ ಕೂತಿದ್ದಳು.

"ಮೌಶಿ. ಹದಿಮೂರಕ್ಕ ಬಂದು ಪಟ್ಟಿ ಕೂಡಿಸಿದವ ಹೆಂಗಿದ್ದ?"

"ಅದನ್ನೇ ಆಗಳೇ ಹೇಳಾಕ ಬಂದೆ, ನೀ ಬಾಯಿ ಮುಚ್ಚಿಸಿದಿ." ಸುಂದರಾಬಾಯಿ ಭವಾನಿಯ ಖಾಲಿ ಕವರನ್ನು ಎತ್ತಿಕೊಂಡು ಅರಿಶಿಣದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು. "ಕನ್ನಡದವ. ಎತ್ತರ ಹುಡುಗ, ಭಾಳ ಸೊರಗಿದ್ದ. ಊಟ ಮಾಡಿಲ್ಲ ಅನಸ್ತು, ನನ್ನ ರೊಟ್ಟಿ ಕೊಟ್ಟೆ, ಕಣ್ಣೀರು ಹಾಕ್ಕೊಂಡು ತಿಂದ. ಪಟ್ಟಿ ಇಂಥಾದ್ದೇ ಕವರಿನ್ಯಾಗಿಂದ ತಗದ. ಇದೇ ಗುಂಡನ ಅಕ್ಷರಾ."

ಲಿಂಗಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೆಸರು ಓದಿದ್ರೇನು?"

"ಓದದೆ ಏನು? ತರುಣ ಅಂತ ಇತ್ತು."

ಅವಳು ತಾನು ಕೂತ ಕುರ್ಚಿಯ ಕೈಯನ್ನು ಹಿಡಿದೇ ಅದನ್ನು ಹೇಳಿದಳು. ಚಹಾದ ಮೂರು ಕಪ್ಪುಗಳಲ್ಲಿ ಹಬೆ ನಿಂತುಹೋಗಿತ್ತು. ಯಾರೂ ಅಲುಗಾಡಲಿಲ್ಲ.

ಇಲ್ಲಿ ಯಾರೂ ಇಲ್ಲವೆಂದುಕೊಂಡು ಲೈಟು ಆರಿತು. ಭವಾನಿ ಕೈ ಎತ್ತಲಿಲ್ಲ.